ಮೈಲೇಜ್ ಬಿತ್ತಾ, ಪೇಂಟ್ ಮಾಸಿತಾ? ಮೊದಲು ಟ್ಯಾಂಕಿನ ಬಾಯಿ ನೋಡಿ

ಬೈಕ್ ಇಟ್ಟುಕೊಂಡವರ ಬಾಯಲ್ಲಿ ಎರಡು ದೂರು ಆಗಾಗ ಬರುತ್ತವೆ. ಒಂದು, "ಮೊದಲಿನ ಹಾಗೆ ಮೈಲೇಜ್ ಕೊಡ್ತಿಲ್ಲ." ಇನ್ನೊಂದು, "ಟ್ಯಾಂಕ್ ಮೇಲಿನ ಹೊಳಪೇ ಹೋಯ್ತು." ಎರಡಕ್ಕೂ ಸಂಬಂಧ ಇಲ್ಲ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ಮೈಲೇಜ್ ಸರಿಯಾಗಿ ಅಳೆಯಬೇಕು ಅಂತ ನಾನು ಪ್ರತಿ ಸಲ ಟ್ಯಾಂಕನ್ನು ಕಂಠಪೂರ್ತಿ ತುಂಬಿಸುತ್ತಿದ್ದೆ. ನಾಜಲ್ ತಾನಾಗಿ ನಿಂತ ಮೇಲೂ "ಇನ್ನೊಂದು ಸ್ವಲ್ಪ ಹಾಕಿ" ಅನ್ನುತ್ತಿದ್ದೆ. ಆ ಸ್ವಲ್ಪದಲ್ಲಿ ನಾಲ್ಕು ಹನಿ ಮುಚ್ಚಳದ ಅಂಚಿನಿಂದ ಇಳಿದು, ಟ್ಯಾಂಕಿನ ಎಡಮಗ್ಗುಲಲ್ಲಿ ಸ್ಟಿಕ್ಕರ್ ಹತ್ತಿರ ಬಂದು ನಿಲ್ಲುತ್ತಿದ್ದವು. ಆರೇಳು ತಿಂಗಳಲ್ಲಿ ಅಲ್ಲಿ ಕಣ್ಣೀರು ಇಳಿದು ಒಣಗಿದ ಹಾಗೆ ಒಂದು ಹಳದಿ ಗೆರೆ ಮೂಡಿತು. ಸ್ಟಿಕ್ಕರಿನ ಅಂಚು ಮುದುರಿಕೊಂಡು ಮೇಲೆದ್ದಿತು. ಇಷ್ಟೆಲ್ಲ ಮಾಡಿಯೂ ಲೆಕ್ಕ ಒಂದು ಸಲ ಲೀಟರಿಗೆ 52 ಕಿ.ಮೀ. ಬಂದರೆ ಮುಂದಿನ ಸಲ 43 ಬರುತ್ತಿತ್ತು.

ಅಳತೆ ತಪ್ಪಿದ್ದಕ್ಕೂ ಪೇಂಟ್ ಕೆಟ್ಟದ್ದಕ್ಕೂ ಕಾರಣ ಒಂದೇ ಆಗಿತ್ತು: ನಾನು ಟ್ಯಾಂಕ್ ತುಂಬಿಸುತ್ತಿದ್ದ ರೀತಿ. ಅದಕ್ಕೇ ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ. ನಿಮ್ಮ ಬೈಕಿನಲ್ಲಿ ಕಾಣುವ ಲಕ್ಷಣ ಯಾವುದೋ ಅದರಿಂದ ಶುರು ಮಾಡಿ. ಪ್ರತಿ ಭಾಗದಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು ಬರುತ್ತದೆ, ಸ್ಪ್ಯಾನರ್ ಹಿಡಿಯುವ ಕೆಲಸ ಆಮೇಲೆ.

ಕೈ ಹಾಕುವ ಮುಂಚೆ

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಡಿಕೊಂಡು ದೂರದವರೆಗೂ ಹೋಗುತ್ತದೆ. ಆದ್ದರಿಂದ ಟ್ಯಾಂಕ್ ತೆರೆಯುವ ಯಾವ ಕೆಲಸವನ್ನೂ ಮುಚ್ಚಿದ ಕೋಣೆಯಲ್ಲಿ ಮಾಡಬೇಡಿ. ಬೀಡಿ, ಸಿಗರೇಟ್, ದೀಪ, ಒಲೆ, ಕಿಡಿ ಹಾರುವ ಯಂತ್ರ ಯಾವುದೂ ಹತ್ತಿರ ಇರಬಾರದು. ಎಂಜಿನ್ ಮತ್ತು ಸೈಲೆನ್ಸರ್ ಪೂರ್ತಿ ತಣ್ಣಗಾಗಲಿ. ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಇನ್ನೊಂದು ಮಾತು. ಎಂಜಿನ್ ಓಡುತ್ತಿರುವಾಗ, ಗೇರ್ ಹಾಕಿ ಚಕ್ರ ತಿರುಗಿಸುತ್ತಾ ಚೈನ್ ಒರೆಸುವವರನ್ನು ನೋಡಿರುತ್ತೀರಿ. ಬಟ್ಟೆ ಸಿಕ್ಕಿಕೊಂಡರೆ ಬೆರಳನ್ನೂ ಎಳೆದುಕೊಂಡು ಹೋಗುತ್ತದೆ. ಎಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲಿ ಕೈಯಿಂದ ಚಕ್ರ ತಿರುಗಿಸಿಕೊಂಡೇ ಒರೆಸಿ.

ಲಕ್ಷಣ: ಪ್ರತಿ ಸಲ ಮೈಲೇಜ್ ಬೇರೆ ಬೇರೆ ಬರುತ್ತದೆ

ಬೈಕಿನ ಮೇಲೆ ಅನುಮಾನ ಪಡುವ ಮೊದಲು ನಿಮ್ಮ ಅಳತೆಯ ಮೇಲೆ ಅನುಮಾನ ಪಡಿ. ಒಂದು ಸಲ ಜಾಸ್ತಿ, ಇನ್ನೊಂದು ಸಲ ಕಡಿಮೆ ಅಂತ ತೂಗಾಡುತ್ತಿದ್ದರೆ ತಪ್ಪು ಸಾಮಾನ್ಯವಾಗಿ ತುಂಬಿಸುವುದರಲ್ಲೇ ಇರುತ್ತದೆ. ಎಂಜಿನ್ ದೋಷ ಆಗಿದ್ದರೆ ಅಂಕಿ ಹೀಗೆ ಕುಣಿಯುವುದಿಲ್ಲ, ಬಿದ್ದದ್ದು ಬಿದ್ದ ಹಾಗೇ ಇರುತ್ತದೆ.

ನನ್ನ ಲೆಕ್ಕವನ್ನೇ ಬಿಡಿಸಿ ನೋಡೋಣ. ಮೊದಲ ಸಲ ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ತುಂಬಿಸಿದ್ದೆ. 290 ಕಿ.ಮೀ. ಆದ ಮೇಲೆ ಅವಸರದಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ತುಂಬಿಸಿದೆ. 5.6 ಲೀಟರ್ ಹಿಡಿಯಿತು. 290 ಭಾಗಿಸು 5.6, ಅಂದರೆ ಸುಮಾರು 52. ಖುಷಿಯಾಯಿತು. ಮತ್ತೆ 290 ಕಿ.ಮೀ. ಓಡಿಸಿ ಸೆಂಟರ್ ಸ್ಟ್ಯಾಂಡ್ ಮೇಲೆ ತುಂಬಿಸಿದೆ. 6.7 ಲೀಟರ್ ಹಿಡಿಯಿತು. ಈಗ ಲೆಕ್ಕ 43. ಆ ದಿನವೇ, ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬುರೇಟರ್ ಬಿಚ್ಚಿಸಲು ಹೊರಟಿದ್ದೆ.

ಆದದ್ದು ಇಷ್ಟೇ. ಸೈಡ್ ಸ್ಟ್ಯಾಂಡ್ ಮೇಲೆ ಬೈಕ್ ಎಡಕ್ಕೆ ವಾಲುತ್ತದೆ. ಟ್ಯಾಂಕಿನ ಬಲಗಡೆ ಮೂಲೆ ಮೇಲಕ್ಕೆ ಹೋಗಿ ಅಲ್ಲಿ ಗಾಳಿ ಉಳಿದುಬಿಡುತ್ತದೆ. ಪೆಟ್ರೋಲ್ ಬಾಯಿಯವರೆಗೆ ಬಂದ ಹಾಗೆ ಕಾಣುತ್ತದೆ, ಆದರೆ ಟ್ಯಾಂಕ್ ತುಂಬಿರುವುದಿಲ್ಲ. ಆ ಸಲ ಕಡಿಮೆ ಹಿಡಿದದ್ದನ್ನು ಮುಂದಿನ ಸಲ ಸೇರಿಸಿ ಹಿಡಿಯಿತು. ಎರಡನ್ನೂ ಕೂಡಿಸಿ: 580 ಕಿ.ಮೀ., 12.3 ಲೀಟರ್, ಸುಮಾರು 47. ನನ್ನ ಬೈಕಿನ ನಿಜವಾದ ಮೈಲೇಜ್ ಅದು. ಮೊದಲೂ ಅಷ್ಟೇ ಇತ್ತು, ಆಮೇಲೂ ಅಷ್ಟೇ ಇತ್ತು.

ಸರಿಯಾಗಿ ಅಳೆಯಲು ಹೀಗೆ ಮಾಡಿ. ಸಮತಟ್ಟಾದ ಜಾಗದಲ್ಲಿ ಪ್ರತಿ ಸಲವೂ ಒಂದೇ ಸ್ಟ್ಯಾಂಡ್ ಹಾಕಿ. ಸೆಂಟರ್ ಸ್ಟ್ಯಾಂಡ್ ಇಲ್ಲದ ಬೈಕ್ ಆದರೆ ಕೆಳಗಿಳಿದು, ಹ್ಯಾಂಡಲ್ ಹಿಡಿದು ನೇರವಾಗಿ ನಿಲ್ಲಿಸಿಕೊಳ್ಳಿ. ನಾಜಲ್ ಮೊದಲ ಸಲ ತಾನಾಗಿ ನಿಂತಾಗ ನಿಲ್ಲಿಸಿ. ತಾನಾಗಿ ನಿಲ್ಲದ ನಾಜಲ್ ಆದರೆ, ಟ್ಯಾಂಕಿನ ಬಾಯಿಯೊಳಗೆ ಇಳಿಬಿದ್ದಿರುವ ಲೋಹದ ಕೊರಳು ಕಾಣುತ್ತದಲ್ಲ, ಅದರ ಕೆಳಗಿನ ಅಂಚಿಗೆ ಪೆಟ್ರೋಲ್ ಮುಟ್ಟಿದಾಗ ಸಾಕು ಅನ್ನಿ. ಕೊರಳು ಮುಳುಗಬಾರದು. ಮುಚ್ಚಳ ಹಾಕಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಅದೇ ಗುರುತಿಗೆ ತುಂಬಿಸಿ, ಹಾಕಿದ ಲೀಟರನ್ನು ಪಂಪಿನ ಮೀಟರ್ ನೋಡಿ ಬರೆದುಕೊಳ್ಳಿ. ಓಡಿದ ಕಿಲೋಮೀಟರನ್ನು ಈಗ ಹಾಕಿದ ಲೀಟರ್‌ನಿಂದ ಭಾಗಿಸಿ. ಹೋದ ಸಲ ಹಾಕಿದ ಲೀಟರ್ ಈ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ಎಡವುವವರು ಜಾಸ್ತಿ.

ಸ್ವಲ್ಪ ಪೆಟ್ರೋಲ್ ಹಾಕಿಸಿ ಅಳೆಯಬೇಡಿ. ತುಂಬಿಸುವ ಗುರುತಿನಲ್ಲಿ 300 ಮಿಲಿಲೀಟರ್ ಹೆಚ್ಚುಕಡಿಮೆ ಆಗುವುದು ತೀರಾ ಸಾಮಾನ್ಯ. 2 ಲೀಟರ್ ಹಾಕಿಸಿ ಅಳೆದರೆ ಆ ತಪ್ಪು ಶೇ. 15 ಆಗುತ್ತದೆ. 10 ಲೀಟರ್ ಹಾಕಿಸಿದಾಗ ಅದೇ ತಪ್ಪು ಶೇ. 3ಕ್ಕೆ ಇಳಿಯುತ್ತದೆ. ಟ್ಯಾಂಕ್ ಚಿಕ್ಕದಾದರೆ ನಾಲ್ಕೈದು ಸಲದ ಕಿಲೋಮೀಟರ್ ಎಲ್ಲ ಕೂಡಿಸಿ, ಲೀಟರ್ ಎಲ್ಲ ಕೂಡಿಸಿ, ಒಂದೇ ಸಲ ಭಾಗಿಸಿ. ಪ್ರತಿ ಸಲದ ಮೈಲೇಜ್ ತೆಗೆದು ಅದರ ಸರಾಸರಿ ಮಾಡುವುದಕ್ಕಿಂತ ಇದು ಸರಿಯಾದ ದಾರಿ.

ಪೂರ್ತಿ ತುಂಬಿಸುವಷ್ಟು ದುಡ್ಡು ಕೈಯಲ್ಲಿ ಯಾವಾಗಲೂ ಇರುವುದಿಲ್ಲ. ನಿಮ್ಮ ಬೈಕಿಗೆ ರಿಸರ್ವ್ ಇರುವ ಪೆಟ್ರೋಲ್ ನಾಬ್ ಇದ್ದರೆ ಅದಕ್ಕೂ ದಾರಿ ಇದೆ. ಮೇನ್‌ನಲ್ಲಿ ಓಡುತ್ತಿದ್ದ ಬೈಕ್ ಎಳೆಯದೆ ಕೆಮ್ಮಿದ ಕ್ಷಣ ರಿಸರ್ವ್‌ಗೆ ತಿರುಗಿಸಿ, ಕಿಲೋಮೀಟರ್ ಬರೆದುಕೊಳ್ಳಿ. ಬಂಕ್ ಮುಟ್ಟಿದ ಮೇಲೆ 3 ಅಥವಾ 4 ಲೀಟರ್ ಸರಿಯಾಗಿ ಹಾಕಿಸಿ, ನಾಬ್ ಮತ್ತೆ ಮೇನ್‌ಗೆ ತನ್ನಿ. ಇನ್ನೊಮ್ಮೆ ರಿಸರ್ವ್‌ಗೆ ಬಂದಾಗ ಎಷ್ಟು ಕಿಲೋಮೀಟರ್ ಆಯಿತು ನೋಡಿ, ಹಾಕಿಸಿದ ಲೀಟರ್‌ನಿಂದ ಭಾಗಿಸಿ. ಏರಿನಲ್ಲಿ ಅಥವಾ ಜೋರಾಗಿ ಬ್ರೇಕ್ ಹಿಡಿದಾಗ ರಿಸರ್ವ್ ಬೇಗ ಬಂದಂತೆ ಆಗಬಹುದು, ಅದೊಂದು ಗಮನದಲ್ಲಿರಲಿ. ವಾಹನ ಜಾಸ್ತಿ ಇರುವ ರಸ್ತೆಯ ನಡುವೆ ಈ ಪರೀಕ್ಷೆಗೆ ಹೋಗಬೇಡಿ. ಮೀಟರಿನಲ್ಲಿ ಬರೀ ದೀಪ ಹೊತ್ತಿಕೊಳ್ಳುವ ಬೈಕಿನಲ್ಲಿ ಈ ಲೆಕ್ಕ ಅಷ್ಟು ನಿಖರ ಆಗುವುದಿಲ್ಲ.

ಪೆಟ್ರೋಲ್ ಟ್ಯೂಬಿಗೆ ಬಾಟಲಿ ಸಿಕ್ಕಿಸಿ 100 ಮಿಲಿಲೀಟರ್‌ನಲ್ಲಿ ಎಷ್ಟು ಓಡುತ್ತದೆ ಅಂತ ನೋಡುವ ಪದ್ಧತಿಯೂ ಇದೆ. ನಾನು ಅದನ್ನು ಬೇಡ ಅನ್ನುತ್ತೇನೆ. ಬಿಸಿ ಎಂಜಿನ್ ಪಕ್ಕದಲ್ಲೇ ಬಾಟಲಿಯಲ್ಲಿ ಪೆಟ್ರೋಲ್ ತೂಗಾಡುವುದು ಅಪಾಯ. ಅದರಲ್ಲಿ ಬರುವ ಅಂಕಿಯೂ ಬಿಸಿಯಾದ ಎಂಜಿನ್, ಖಾಲಿ ರಸ್ತೆ, ಒಂದೇ ವೇಗದ ಅಂಕಿ. ನಿಮ್ಮ ದಿನನಿತ್ಯದ ಓಡಾಟದ ಮೈಲೇಜ್ ಅದು ಅಲ್ಲವೇ ಅಲ್ಲ. ಇಂಜೆಕ್ಷನ್ (ಕಾರ್ಬುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಇರುವ ಬೈಕಿನಲ್ಲಂತೂ ಪೈಪಿನಲ್ಲಿ ಪೆಟ್ರೋಲ್ ಒತ್ತಡದಲ್ಲಿರುತ್ತದೆ, ಕಳಚಿದರೆ ಮುಖಕ್ಕೇ ಚಿಮ್ಮುತ್ತದೆ. ಅದಕ್ಕೆ ಕೈ ಹಾಕಲೇಬೇಡಿ.

ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ ಎನ್ನುವುದೂ ನಿಜ. 1 ಲೀಟರ್ ಪೆಟ್ರೋಲ್ 1 ಡಿಗ್ರಿ ಬಿಸಿಯಾದರೆ ಸುಮಾರು 1 ಮಿಲಿಲೀಟರ್ ಹಿಗ್ಗುತ್ತದೆ. 10 ಲೀಟರ್, 10 ಡಿಗ್ರಿ ಅಂದರೆ ಹತ್ತಿರ ಹತ್ತಿರ 100 ಮಿಲಿಲೀಟರ್. ಮೈಲೇಜ್ ಲೆಕ್ಕಕ್ಕೆ ಇದು ದೊಡ್ಡದೇನಲ್ಲ. ಕಂಠಪೂರ್ತಿ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿದ ಟ್ಯಾಂಕಿಗೆ ಮಾತ್ರ ದೊಡ್ಡದು. ಹಿಗ್ಗಿದ ಪೆಟ್ರೋಲ್‌ಗೆ ಒಳಗೆ ಜಾಗ ಇಲ್ಲದಿದ್ದರೆ ಅದು ಮುಚ್ಚಳದ ಸುತ್ತ ಬರುತ್ತದೆ, ಇಲ್ಲವೇ ಆವಿ ಹಿಡಿಯುವ ಇದ್ದಿಲು ಡಬ್ಬಿಗೆ ಹೋಗಿ ಅದನ್ನು ತೋಯಿಸುತ್ತದೆ. ಆ ಡಬ್ಬಿ ತೊಯ್ದರೆ ಬೈಕ್ ಐಡ್ಲಿಂಗ್‌ನಲ್ಲಿ ತಡವರಿಸುತ್ತದೆ, ಪೆಟ್ರೋಲ್ ವಾಸನೆ ಬಿಡುವುದೇ ಇಲ್ಲ.

ಲಕ್ಷಣ: ಮೀಟರ್ ತೋರಿಸುವ ಮೈಲೇಜ್‌ಗೂ ನಮ್ಮ ಲೆಕ್ಕಕ್ಕೂ ತಾಳೆ ಆಗುವುದಿಲ್ಲ

ಮೀಟರಿನಲ್ಲಿ ಕಾಣುವ ಸರಾಸರಿ ಮೈಲೇಜ್ ಪೆಟ್ರೋಲನ್ನು ಅಳತೆ ಮಾಡಿ ಬಂದದ್ದಲ್ಲ. ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನುವುದರಿಂದ ಬೈಕಿನ ಕಂಪ್ಯೂಟರ್ ಲೆಕ್ಕ ಹಾಕಿದ್ದು. ನಿನ್ನೆಗಿಂತ ಇವತ್ತು ಕಡಿಮೆಯಾ, ಜಾಸ್ತಿಯಾ ಅಂತ ನೋಡಲು ಅದು ಒಳ್ಳೆಯದು. ನಿಜವಾದ ಅಂಕಿಗೆ ಟ್ಯಾಂಕ್ ಲೆಕ್ಕವನ್ನೇ ನಂಬಿ.

ಕಿಲೋಮೀಟರ್ ಅಂಕಿಯಲ್ಲೂ ತಪ್ಪಿರಬಹುದು. ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳನ್ನೋ, ಮೊಬೈಲಿನ ಜಿಪಿಎಸ್ ಅನ್ನೋ ಇಟ್ಟುಕೊಂಡು 10 ಕಿ.ಮೀ. ಓಡಿಸಿ ನೋಡಿ. ಮೊಬೈಲ್ ಜೇಬಿನಲ್ಲಿರಲಿ, ಓಡಿಸುತ್ತಾ ನೋಡುವುದು ಬೇಡ. 10 ಕಿ.ಮೀ. ದೂರಕ್ಕೆ ನಿಮ್ಮ ಮೀಟರ್ 10.4 ತೋರಿಸಿದರೆ, ನೀವು 50 ಅಂದುಕೊಂಡ ಮೈಲೇಜ್ ನಿಜದಲ್ಲಿ ಸುಮಾರು 48. ಕಂಪನಿ ಕೊಟ್ಟ ಅಳತೆ ಬಿಟ್ಟು ಬೇರೆ ಅಳತೆಯ ಟೈರ್ ಹಾಕಿಸಿದ್ದರೆ ಈ ವ್ಯತ್ಯಾಸ ಇನ್ನೂ ಹೆಚ್ಚಿರುತ್ತದೆ. ಟೈರ್ ಸವೆದರೂ ಅಷ್ಟೇ: ಚಕ್ರ ಚಿಕ್ಕದಾಗುತ್ತದೆ, ಅದೇ ದೂರಕ್ಕೆ ಜಾಸ್ತಿ ಸುತ್ತು ಸುತ್ತುತ್ತದೆ, ಮೀಟರ್ ಜಾಸ್ತಿ ತೋರಿಸುತ್ತದೆ.

ಸ್ಪೀಡೋಮೀಟರ್ ವೇಗ ಜಾಸ್ತಿ ತೋರಿಸುತ್ತದೆ ಅಂದ ಮಾತ್ರಕ್ಕೆ ಕಿಲೋಮೀಟರೂ ಅಷ್ಟೇ ಜಾಸ್ತಿ ಅಂದುಕೊಳ್ಳಬೇಡಿ. ವೇಗದ ಮುಳ್ಳನ್ನು ಬೇಕೆಂದೇ ಸ್ವಲ್ಪ ಮುಂದೆ ಇಟ್ಟಿರುತ್ತಾರೆ. ದೂರದ ಲೆಕ್ಕವನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಲಕ್ಷಣ: ಅಳತೆ ಸರಿ ಇದೆ, ಮೈಲೇಜ್ ನಿಜವಾಗಿಯೂ ಬಿದ್ದಿದೆ

ಮೂರು ನಾಲ್ಕು ಟ್ಯಾಂಕ್ ಲೆಕ್ಕವೂ ಒಂದೇ ಸಮ ಕಡಿಮೆ ಬಂದರೆ ಈಗ ಬೈಕ್ ಕಡೆ ನೋಡಿ. ಅದಕ್ಕೂ ಮೊದಲು ನಿಮ್ಮ ಓಡಾಟ ಬದಲಾಗಿದೆಯಾ ಯೋಚಿಸಿ. 2-3 ಕಿ.ಮೀ. ದೂರಕ್ಕೆ ದಿನಕ್ಕೆ ಹತ್ತು ಸಲ ಹೋಗುತ್ತಿದ್ದರೆ ಎಂಜಿನ್ ಬಿಸಿಯಾಗುವುದೇ ಇಲ್ಲ, ತಣ್ಣಗಿನ ಎಂಜಿನ್ ಜಾಸ್ತಿ ಕುಡಿಯುತ್ತದೆ. ವೇಗವೂ ಹಾಗೇ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಎಥನಾಲ್ ಜಾಸ್ತಿ ಬೆರೆತ ಪೆಟ್ರೋಲ್ ಬಂದರೂ ಸ್ವಲ್ಪ ಇಳಿಯುತ್ತದೆ, ಯಾಕೆಂದರೆ ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲ್‌ನದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಶೇ. 10 ಬೆರೆತರೆ ಮೈಲೇಜ್ ಶೇ. 3ರಿಂದ 4ರಷ್ಟು ಇಳಿಯುವುದು ಸಹಜ. ಶೇ. 20 ಇಳಿದಿದ್ದರೆ ಅದಕ್ಕೆ ಎಥನಾಲ್ ಒಂದೇ ಕಾರಣ ಆಗಿರಲಾರದು.

ಬೈಕನ್ನು ನ್ಯೂಟ್ರಲ್‌ಗೆ ಹಾಕಿ, ಸಮತಟ್ಟಾದ ನೆಲದಲ್ಲಿ ಒಂದು ಕೈಯಿಂದ ತಳ್ಳಿ ನೋಡಿ. ಇಷ್ಟು ಸುಲಭದ ಪರೀಕ್ಷೆ ಬೇರೆ ಇಲ್ಲ. ಹಗುರಾಗಿ ಉರುಳಬೇಕು. ಎಳೆದು ಹಿಡಿದ ಹಾಗಿದ್ದರೆ ಮೊದಲ ಅನುಮಾನ ಟೈರಿನ ಗಾಳಿ. ಬೆಳಿಗ್ಗೆ, ಬೈಕ್ ಓಡಿಸುವ ಮುಂಚೆ, ಟೈರ್ ತಣ್ಣಗಿರುವಾಗ ಅಳೆಯಿರಿ. ಎಷ್ಟಿರಬೇಕು ಅನ್ನುವುದು ಬೈಕಿನ ಪುಸ್ತಕದಲ್ಲಿ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು), ಚೈನ್ ಕವರ್ ಮೇಲಿನ ಚೀಟಿಯಲ್ಲಿ ಇರುತ್ತದೆ. ಮೈಲೇಜ್ ಆಸೆಗೆ ಅದಕ್ಕಿಂತ ಜಾಸ್ತಿ ತುಂಬಿಸಬೇಡಿ, ಒದ್ದೆ ರಸ್ತೆಯಲ್ಲಿ ಹಿಡಿತ ತಪ್ಪುತ್ತದೆ.

ಗಾಳಿ ಸರಿ ಇದ್ದೂ ಉರುಳದಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು. ಸೆಂಟರ್ ಸ್ಟ್ಯಾಂಡ್ ಮೇಲೆ ಹಿಂದಿನ ಚಕ್ರ ತಿರುಗಿಸಿ. ಡಿಸ್ಕ್ ಬ್ರೇಕ್ ಆದರೆ 'ಸುಯ್' ಎಂಬ ಸಣ್ಣ ಸದ್ದು ಇದ್ದೇ ಇರುತ್ತದೆ, ಅದು ದೋಷ ಅಲ್ಲ. ಅರ್ಧ ಸುತ್ತಿಗೇ ನಿಂತರೆ ದೋಷ. ಇನ್ನೂ ಖಾತ್ರಿ ಬೇಕಾದರೆ, ಬ್ರೇಕ್ ಜಾಸ್ತಿ ಹಿಡಿಯದೆ ಸ್ವಲ್ಪ ದೂರ ಹೋಗಿ ಬಂದು ಡಿಸ್ಕ್ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಚುರ್ ಅಂದರೆ ಬ್ರೇಕ್ ಬಿಡುತ್ತಿಲ್ಲ. ಬೆರಳಿನಿಂದ ಮುಟ್ಟಿ ನೋಡಬೇಡಿ. ಡ್ರಮ್ ಬ್ರೇಕ್ ಆದರೆ ಪೆಡಲಿನಲ್ಲಿ ಸ್ವಲ್ಪ ಸಡಿಲ ಇರಬೇಕು, ಅಡ್ಜಸ್ಟ್ ಮಾಡುವ ನಟ್ ತಿರುಗಿಸಿದರೆ ಸರಿಯಾಗುತ್ತದೆ. ಡಿಸ್ಕ್ ಬ್ರೇಕಿನ ಪಿಸ್ಟನ್ ಸಿಕ್ಕಿಕೊಂಡಿದ್ದರೆ ಅದು ಮೆಕ್ಯಾನಿಕ್ ಕೆಲಸ. ಅಲ್ಲಿಯವರೆಗೆ ಬೈಕ್ ಓಡಿಸಬೇಡಿ.

ಚೈನ್ ಒಣಗಿ ತುಕ್ಕಿನ ಬಣ್ಣ ಬಂದಿದ್ದರೆ ಒರೆಸಿ, ಎಣ್ಣೆ ಹಾಕಿ. ಬಿಗಿಯೂ ನೋಡಿ. ಅನೇಕ ಬೈಕುಗಳಲ್ಲಿ ಚೈನ್ ನಡುಭಾಗ 20ರಿಂದ 30 ಮಿಲಿಮೀಟರ್ ಮೇಲೆ ಕೆಳಗೆ ಆಡಬೇಕು. ನಿಮ್ಮದಕ್ಕೆ ಎಷ್ಟು ಅಂತ ಪುಸ್ತಕ ನೋಡಿ. ತೀರಾ ಬಿಗಿ ಇದ್ದರೆ ಮೈಲೇಜ್ ಜೊತೆ ಬೇರಿಂಗ್ ಕೂಡ ಹೋಗುತ್ತದೆ.

ಹಗುರಾಗಿ ಉರುಳುತ್ತದೆ, ಆದರೆ ಏರಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ಕೂಗುತ್ತದೆ, ವೇಗ ಮಾತ್ರ ಏರುವುದಿಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಕ್ಲಚ್ ಲಿವರಿನ ತುದಿಯಲ್ಲಿ ಸ್ವಲ್ಪ ಸಡಿಲ ಇದೆಯಾ ನೋಡಿ. ಸಡಿಲವೇ ಇಲ್ಲದಿದ್ದರೆ ಕೇಬಲ್ ಬಿಗಿ ಕಮ್ಮಿ ಮಾಡಿ. ಅದರಿಂದಲೂ ನಿಲ್ಲದಿದ್ದರೆ ಪ್ಲೇಟ್ ಸವೆದಿರುತ್ತದೆ.

ಆಮೇಲೆ ಏರ್ ಫಿಲ್ಟರ್. ಕಾಗದದ್ದಾದರೆ ಕೊಳೆಯಾದಾಗ ಬದಲಿಸಬೇಕು, ತೊಳೆಯಬಾರದು. ಸ್ಪಂಜಿನದ್ದಾದರೆ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಹಾಕಬಹುದು. ಫಿಲ್ಟರ್ ತೆಗೆದು ಓಡಿಸಿದರೆ ಧೂಳು ನೇರ ಎಂಜಿನ್‌ಗೆ ಹೋಗುತ್ತದೆ.

ಸ್ಪಾರ್ಕ್ ಪ್ಲಗ್ ಬಿಚ್ಚುವುದು ಎಂಜಿನ್ ತಣ್ಣಗಾದ ಮೇಲೆ. ಅದರ ತುದಿಯ ಬಣ್ಣವೇ ಕಥೆ ಹೇಳುತ್ತದೆ. ತಿಳಿ ಕಂದು ಇದ್ದರೆ ಸರಿ. ಒಣಗಿದ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ: ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಲು ಎಳೆಯುವ ಚೋಕ್ ಪೂರ್ತಿ ಹಿಂದೆ ಬಂದಿದೆಯಾ, ಫಿಲ್ಟರ್ ಕಟ್ಟಿದೆಯಾ ನೋಡಿ. ಒದ್ದೆ ಕಪ್ಪು, ಎಣ್ಣೆ ಜಿಡ್ಡು ಇದ್ದರೆ ಎಂಜಿನ್ ಎಣ್ಣೆ ಒಳಗೆ ಸುಡುತ್ತಿದೆ. ಸುಣ್ಣದ ಹಾಗೆ ಬೆಳ್ಳಗಾಗಿ, ಗುಳ್ಳೆ ಬಂದಂತಿದ್ದರೆ ಎಂಜಿನ್ ಮಿತಿಮೀರಿ ಬಿಸಿಯಾಗುತ್ತಿದೆ. ಈ ಕೊನೆಯ ಎರಡರಲ್ಲಿ ಯಾವುದು ಕಂಡರೂ ಮೆಕ್ಯಾನಿಕ್ ಹತ್ತಿರ ಹೋಗಿ. ಪ್ಲಗ್ ವಾಪಸ್ ಹಾಕುವಾಗ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ. ಸ್ಪ್ಯಾನರ್‌ನಿಂದ ಶುರು ಮಾಡಿ ಓರೆಯಾಗಿ ಹೊಕ್ಕರೆ ಸಿಲಿಂಡರ್ ಹೆಡ್ಡಿನ ಮರೆಯೇ (ಥ್ರೆಡ್) ಕಿತ್ತುಹೋಗುತ್ತದೆ.

ಇಂಜೆಕ್ಷನ್ ಬೈಕಿನಲ್ಲಿ ಎಂಜಿನ್ ಚಿಹ್ನೆಯ ದೀಪ ಉರಿಯುತ್ತಾ ಇದ್ದರೆ ಮೇಲಿನದ್ದೆಲ್ಲ ಬಿಟ್ಟು ಮೊದಲು ಅದನ್ನು ಸ್ಕ್ಯಾನ್ ಮಾಡಿಸಿ. ಬಿಸಿ ಅಳೆಯುವ ಸೆನ್ಸರ್ ಕೆಟ್ಟರೆ ಎಂಜಿನ್ ಸದಾ ತಣ್ಣಗಿದೆ ಅಂತ ತಿಳಿದು ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಬಿಡುವುದುಂಟು. ಆಕ್ಸಿಜನ್ ಸೆನ್ಸರ್ ಕೆಟ್ಟರೂ ಪೆಟ್ರೋಲ್ ಜಾಸ್ತಿ ಹೋಗಬಹುದು.

ಲಕ್ಷಣ: ನಿಲ್ಲಿಸಿದಲ್ಲಿ ಪೆಟ್ರೋಲ್ ವಾಸನೆ, ನೆಲದ ಮೇಲೆ ಹನಿ

ಇಲ್ಲಿ ಕಾಯಬೇಡಿ. ಕಾರ್ಬುರೇಟರ್ ಕೆಳಗಿನ ಸಣ್ಣ ಪೈಪಿನಿಂದ ಹನಿ ಬೀಳುತ್ತಿದ್ದರೆ ಒಳಗೆ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿ ಮುಚ್ಚಿಕೊಳ್ಳುತ್ತಿಲ್ಲ. ಪೆಟ್ರೋಲ್ ನಾಬ್ ಆಫ್ ಮಾಡಿ. ಆಮೇಲೆ ಎಂಜಿನ್ ಆಯಿಲ್ ಮಟ್ಟ ನೋಡಿ. ಮಟ್ಟ ಏರಿದ್ದು, ಎಣ್ಣೆಗೆ ಪೆಟ್ರೋಲ್ ವಾಸನೆ ಇದ್ದರೆ ಸ್ಟಾರ್ಟ್ ಮಾಡಲೇಬೇಡಿ. ಪೆಟ್ರೋಲ್ ಸಿಲಿಂಡರ್ ಮೂಲಕ ಎಣ್ಣೆಗೆ ಇಳಿದಿದೆ, ಎಣ್ಣೆ ನೀರಿನಂತೆ ತೆಳ್ಳಗಾಗಿದೆ. ಹಾಗೇ ಓಡಿಸಿದರೆ ಬೇರಿಂಗ್ ಸುಟ್ಟುಹೋಗುತ್ತದೆ. ಬೈಕನ್ನು ತಳ್ಳಿಕೊಂಡೋ ಗಾಡಿಯಲ್ಲಿ ಹಾಕಿಸಿಯೋ ತೆಗೆದುಕೊಂಡು ಹೋಗಿ.

ಮುಚ್ಚಳದ ಸುತ್ತಲೇ ವಾಸನೆ ಇದ್ದರೆ ಮುಚ್ಚಳದ ಒಳಗಿನ ರಬ್ಬರ್ ನೋಡಿ. ಬಿರುಕು ಬಿಟ್ಟಿದ್ದರೆ ಬದಲಿಸಿ.

ಲಕ್ಷಣ: ಮುಚ್ಚಳದ ಸುತ್ತ ಹಳದಿ ಗೆರೆ, ಮಂಕು, ಎದ್ದ ಸ್ಟಿಕ್ಕರ್

ಈಗ ಪೇಂಟ್ ಕಡೆ ಬರೋಣ. ಟ್ಯಾಂಕಿನ ಮೇಲೆ ಸಾಮಾನ್ಯವಾಗಿ ಮೂರು ಪದರ ಇರುತ್ತವೆ. ಕೆಳಗೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ನೀವು ಮೆಚ್ಚುವ ಹೊಳಪು ಆ ಕ್ಲಿಯರ್ ಕೋಟಿನದ್ದು. ಅದರ ದಪ್ಪ ಒಂದು ತಲೆಕೂದಲಿನಷ್ಟೂ ಇರುವುದಿಲ್ಲ. ಪ್ರತಿ ಸಲ ಉಜ್ಜಿ ಪಾಲಿಶ್ ಮಾಡಿದಾಗಲೂ ಅದರಿಂದ ಒಂದಿಷ್ಟು ಹೋಗುತ್ತದೆ, ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ಪೇಂಟ್ ವಿಷಯದಲ್ಲಿ ಮೊದಲ ಆಯ್ಕೆ ಯಾವಾಗಲೂ ತೊಳೆಯುವುದು.

ಪೆಟ್ರೋಲ್ ಚೆಲ್ಲಿದ ಕೂಡಲೇ ಒರೆಸಲು ಹೋಗಬೇಡಿ. ಟ್ಯಾಂಕ್ ಮೇಲೆ ಧೂಳಿರುತ್ತದೆ, ಒರೆಸಿದರೆ ಆ ಧೂಳೇ ಗೀರುತ್ತದೆ. ಮುಚ್ಚಳ ಹಾಕಿ, ಮೇಲಿನಿಂದ ನೀರು ಸುರಿಯಿರಿ. ಉಳಿದದ್ದನ್ನು ಮೆತ್ತನೆ ಬಟ್ಟೆ ಇಟ್ಟು ಹೀರಿಸಿ. ಕೆಳಗೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಇಳಿದಿದ್ದರೆ ಅದು ಆರುವವರೆಗೆ ಸ್ಟಾರ್ಟ್ ಮಾಡಬೇಡಿ.

ಒಣಗಿದ ಹಳದಿ ಕಲೆ ಇದ್ದರೆ ವಾಹನದ ಶಾಂಪೂವಿನಿಂದ ತೊಳೆದು, ಒಣಗಿಸಿ, ಬೆರಳಿನಿಂದ ಸವರಿ ನೋಡಿ. ಗಟ್ಟಿಯಾಗಿ, ನುಣುಪಾಗಿದ್ದರೆ ಕಲೆ ಮೇಲೆಯೇ ಇದೆ, ಸಣ್ಣ ಪಾಲಿಶ್‌ಗೆ ಹೋಗುತ್ತದೆ. ಅಂಟಂಟಾಗಿ ಅಥವಾ ಸುಕ್ಕಾಗಿ ಕಂಡರೆ ಅಲ್ಲಿಗೇ ನಿಲ್ಲಿಸಿ. ಕ್ಲಿಯರ್ ಕೋಟ್ ಮೆತ್ತಗಾಗಿದೆ, ಉಜ್ಜಿದರೆ ಕಿತ್ತು ಬರುತ್ತದೆ. ಸ್ಪ್ರೇ ಡಬ್ಬಿಯಿಂದ ಟಚ್‌ಅಪ್ ಮಾಡಿದ ಟ್ಯಾಂಕಿನಲ್ಲಿ ಇದು ಜಾಸ್ತಿ. ಸಾಧಾರಣ ಸ್ಪ್ರೇ ಕ್ಲಿಯರ್ ಪೆಟ್ರೋಲ್ ತಡೆಯುವುದಿಲ್ಲ. ಗಟ್ಟಿಕಾರಕ ಬೆರೆಸಿ ಹೊಡೆಯುವ ಎರಡು ಭಾಗದ ಕ್ಲಿಯರ್ ತಡೆಯುತ್ತದೆ. ಟ್ಯಾಂಕ್ ಪೇಂಟ್ ಮಾಡಿಸುವಾಗ ಇದನ್ನು ಬಾಯಿಬಿಟ್ಟು ಕೇಳಿ. ಆ ಕ್ಲಿಯರ್ ಮನೆಯಲ್ಲಿ ಹೊಡೆಯುವಂಥದ್ದಲ್ಲ. ಅದರ ಹನಿ ಉಸಿರಾಟಕ್ಕೆ ಹೋದರೆ ಶ್ವಾಸಕೋಶಕ್ಕೆ ಕೆಟ್ಟದ್ದು.

ಪೆಟ್ರೋಲ್ ಚೆಲ್ಲದಿದ್ದರೂ ಮುಚ್ಚಳದ ಸುತ್ತ ಪೇಂಟ್ ಏಳುತ್ತಿದೆಯಾ? ಅನೇಕ ಬೈಕುಗಳಲ್ಲಿ ಮುಚ್ಚಳ ಕೂರುವ ತಗ್ಗಿನಲ್ಲಿ ಒಂದು ಸಣ್ಣ ತೂತು ಇರುತ್ತದೆ. ಮಳೆ ನೀರು, ಚೆಲ್ಲಿದ ಪೆಟ್ರೋಲ್ ಅದರಿಂದ ಇಳಿದು ಪೈಪಿನ ಮೂಲಕ ಕೆಳಗೆ ಬೀಳಬೇಕು. ಅದು ಧೂಳಿನಿಂದ ಕಟ್ಟಿದರೆ ನೀರು ಅಲ್ಲೇ ನಿಲ್ಲುತ್ತದೆ. ನಿಂತ ನೀರು ಮುಚ್ಚಳ ತೆರೆದಾಗ ಟ್ಯಾಂಕಿನೊಳಗೂ ಹೋಗುತ್ತದೆ. ಮುಚ್ಚಳ ತೆರೆದು, ಟ್ಯಾಂಕಿನ ಬಾಯಿಗೆ ಸ್ವಚ್ಛ ಬಟ್ಟೆ ತುರುಕಿ, ಒಂದು ಚಮಚ ನೀರನ್ನು ತೂತಿನ ಹತ್ತಿರ ಬಿಡಿ. ಕೆಳಗೆ ಪೈಪಿನಿಂದ ಬಂದರೆ ಸರಿ. ಬಾರದಿದ್ದರೆ ದಪ್ಪ ನೈಲಾನ್ ದಾರ ತೂರಿಸಿ ಬಿಡಿಸಿ. ತಂತಿ ಹಾಕಬೇಡಿ, ಒಳಗೆ ಗೀರಿದಲ್ಲಿ ತುಕ್ಕು ಶುರುವಾಗುತ್ತದೆ.

ಮುಚ್ಚಳದಲ್ಲೇ ಗಾಳಿ ಹೋಗುವ ಇನ್ನೊಂದು ದಾರಿ ಇರುತ್ತದೆ. ಬೈಕ್ ಸ್ವಲ್ಪ ದೂರ ಓಡಿ ನಿಂತು, ಮುಚ್ಚಳ ತೆರೆದಾಗ 'ಸುಸ್' ಎಂದು ಗಾಳಿ ಎಳೆದುಕೊಂಡು, ಮತ್ತೆ ಸ್ಟಾರ್ಟ್ ಆಗಿ ಓಡಿದರೆ ಕಟ್ಟಿರುವುದು ಅದು.

ಲಕ್ಷಣ: ಬಿಸಿಲಿಗೆ ಹಿಡಿದರೆ ಜೇಡರ ಬಲೆಯಂತೆ ಸಣ್ಣ ಗೀರು

ಇದು ಒಣ ಬಟ್ಟೆಯಿಂದ ಬೆಳಿಗ್ಗೆ ಬೆಳಿಗ್ಗೆ ಸುಮ್ನೆ ಒರೆಸುವ ಅಭ್ಯಾಸದ ಗುರುತು. ಬೈಕಿನ ಮೇಲಿನ ಪ್ರೀತಿಯಿಂದ ಒರೆಸುವವರ ಟ್ಯಾಂಕಿನಲ್ಲೇ ಇದು ಜಾಸ್ತಿ ಕಾಣುತ್ತದೆ, ಅದನ್ನು ನೋಡಿದಾಗ ನನಗೆ ಬೇಜಾರಾಗುತ್ತದೆ. ಧೂಳಿನಲ್ಲಿ ಮರಳಿನ ಕಣ ಇರುತ್ತದೆ. ಬಟ್ಟೆ ಅದನ್ನು ಎಳೆದಾಡುತ್ತದೆ.

ತೊಳೆಯುವುದಕ್ಕೆ ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಮೊದಲು ನೀರು ಹರಿಸಿ ಧೂಳು ಇಳಿಸಿ. ಮೈಕ್ರೋಫೈಬರ್ ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಪ್ರತಿ ಸಲ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸಿದ ಮೇಲೆಯೇ ಮತ್ತೆ ಶಾಂಪೂವಿಗೆ ಅದ್ದಿ. ಸ್ವಲ್ಪ ಹೊತ್ತಾದ ಮೇಲೆ ಬರೀ ನೀರಿನ ಬಕೆಟ್ ತಳ ನೋಡಿ, ಕೈಗೆ ಕರಕರ ಅನ್ನುವ ಮಣ್ಣು ಕೂತಿರುತ್ತದೆ. ಒಂದೇ ಬಕೆಟ್ ಇದ್ದಿದ್ದರೆ ಅದೆಲ್ಲ ಟ್ಯಾಂಕ್ ಮೇಲೆ ಉಜ್ಜಿರುತ್ತಿತ್ತು. ಚಕ್ರ, ಚೈನ್ ಹತ್ತಿರ ಬಳಸಿದ ಬಟ್ಟೆಯನ್ನು ಟ್ಯಾಂಕಿಗೆ ತರಬೇಡಿ. ಪಾತ್ರೆ ತೊಳೆಯುವ ಸೋಪು ವ್ಯಾಕ್ಸನ್ನೂ ತೊಳೆದುಬಿಡುತ್ತದೆ.

ಟ್ಯಾಂಕ್ ಬಿಸಿ ಇರುವಾಗ, ನೇರ ಬಿಸಿಲಲ್ಲಿ ತೊಳೆಯಬೇಡಿ. ನೀರು ಆರಿ ಅದರ ಲವಣ ಬಿಳಿ ಚುಕ್ಕೆಯಾಗಿ ಕೂರುತ್ತದೆ. ಹೊಸ ಚುಕ್ಕೆಗೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒಂದು ನಿಮಿಷ ಇಟ್ಟು, ಚೆನ್ನಾಗಿ ತೊಳೆಯಿರಿ. ಅಲ್ಯೂಮಿನಿಯಂ ಭಾಗಕ್ಕೆ ತಾಗಿಸಬೇಡಿ.

ಲಕ್ಷಣ: ಒಂದೇ ಜಾಗದಲ್ಲಿ ಕಲೆ, ಗೀರು, ಮಂಕು

ಹಕ್ಕಿ ಹಿಕ್ಕೆ ಬಿದ್ದಿದ್ದರೆ ಒಣಗಿದ್ದನ್ನು ಕೆರೆಯಬೇಡಿ. ಒದ್ದೆ ಬಟ್ಟೆ ಅದರ ಮೇಲೆ ಹಾಕಿ 10 ನಿಮಿಷ ಬಿಡಿ, ನೆನೆದು ತಾನಾಗಿ ಎದ್ದು ಬರುತ್ತದೆ. ಬಿಸಿಲಿಗೆ ಬಿಟ್ಟಷ್ಟೂ ಅದರ ಆಮ್ಲ ಕ್ಲಿಯರ್ ಕೋಟಿನೊಳಗೆ ಇಳಿಯುತ್ತದೆ.

ಬ್ರೇಕ್ ಆಯಿಲ್ ಬಿದ್ದರೆ ನಿಮಿಷ ಲೆಕ್ಕ. ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಪೇಂಟನ್ನು ಸುಲಿದುಹಾಕುತ್ತದೆ, ಆದರೆ ನೀರಿನಲ್ಲಿ ಕರಗುತ್ತದೆ. ಧಾರಾಳವಾಗಿ ನೀರು ಸುರಿಯಿರಿ. ಬ್ರೇಕ್ ಕೆಲಸ ಮಾಡಿಸುವಾಗ ಟ್ಯಾಂಕ್ ಮೇಲೆ ಒದ್ದೆ ಬಟ್ಟೆ ಹಾಸಿಕೊಳ್ಳಿ.

ಗೀರು ಎಷ್ಟು ಆಳ ಅಂತ ತಿಳಿಯಲು ಎರಡು ಪರೀಕ್ಷೆ. ಒಂದು, ಅದರ ಮೇಲೆ ನೀರು ಸವರಿ. ಒದ್ದೆಯಾದಾಗ ಕಾಣದೆ ಹೋದರೆ ಅದು ಕ್ಲಿಯರ್ ಕೋಟಿನಲ್ಲಷ್ಟೇ ಇದೆ. ಇನ್ನೊಂದು, ಉಗುರನ್ನು ಅಡ್ಡಡ್ಡ ಹಗುರಾಗಿ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಪಾಲಿಶ್‌ಗೆ ಹೋಗುವ ಗೀರಲ್ಲ, ಉಜ್ಜಿ ಸುತ್ತಲಿನ ಕ್ಲಿಯರನ್ನು ತೆಳ್ಳಗೆ ಮಾಡಬೇಡಿ. ಲೋಹ ಕಾಣುತ್ತಿದ್ದರೆ ಮಳೆಗೆ ಮುಂಚೆ ಟಚ್‌ಅಪ್ ಮಾಡಿ.

ಮೊಣಕಾಲು ತಾಗುವ ಜಾಗ ಮಂಕಾಗಿದ್ದರೆ ಪ್ಯಾಂಟಿನ ಧೂಳು ಕಾರಣ. ಪಾರದರ್ಶಕ ರಕ್ಷಣಾ ಫಿಲ್ಮ್ ಅಥವಾ ರಬ್ಬರ್ ಪ್ಯಾಡ್ ಅಂಟಿಸಿ. ಟ್ಯಾಂಕ್ ಬ್ಯಾಗ್ ಇಡುವವರು ಇಡುವ ಮುಂಚೆ ಅಡಿ ಭಾಗ ಒರೆಸಿಕೊಳ್ಳಿ. ವ್ಯಾಕ್ಸ್ ಒಂದೆರಡು ತಿಂಗಳು ನೀರು, ಹಿಕ್ಕೆ ತಡೆಯುತ್ತದೆ. ಸೆರಾಮಿಕ್ ಕೋಟಿಂಗ್ ಅದಕ್ಕಿಂತ ಜಾಸ್ತಿ ದಿನ ತಡೆಯುತ್ತದೆ, ಆದರೆ ಕಲ್ಲು ಸಿಡಿದರೆ ಅದೂ ಕಾಪಾಡುವುದಿಲ್ಲ, ಫಿಲ್ಮ್ ಕಾಪಾಡುತ್ತದೆ. ಸೀಟು, ಟೈರ್, ಫುಟ್‌ರೆಸ್ಟ್, ಬ್ರೇಕ್ ಡಿಸ್ಕ್ ಇವುಗಳಿಗೆ ಯಾವ ಪಾಲಿಶನ್ನೂ ತಾಗಿಸಬೇಡಿ, ಜಾರಿ ಬೀಳುತ್ತೀರಿ.

ನಿಮ್ಮದು ಹೊಳಪಿಲ್ಲದ ಮ್ಯಾಟ್ ಪೇಂಟ್ ಆದರೆ ಮೇಲೆ ಹೇಳಿದ ಪಾಲಿಶ್, ವ್ಯಾಕ್ಸ್ ಯಾವುದೂ ಬೇಡ. ಉಜ್ಜಿದಲ್ಲಿ ಮಾತ್ರ ಹೊಳಪು ಬಂದು ತೇಪೆಯಂತೆ ಕಾಣುತ್ತದೆ, ಅದನ್ನು ತೆಗೆಯಲು ಆಗುವುದಿಲ್ಲ.

ಬೈಕ್‌ಗೆ ಕವರ್ ಹಾಕುವುದು ಒಳ್ಳೆಯದೇ, ತೊಳೆದು ಒಣಗಿಸಿದ ಮೇಲೆ. ಧೂಳಿನ ಮೇಲೆ ಹಾಕಿದ ಕವರ್ ಗಾಳಿಗೆ ಅಲ್ಲಾಡುತ್ತಾ ದಿನವಿಡೀ ಮರಳು ಕಾಗದದ ಕೆಲಸ ಮಾಡುತ್ತದೆ.

ಲಕ್ಷಣ: ಟ್ಯಾಂಕಿನ ಕೆಳ ಅಂಚಿನಲ್ಲಿ ಪೇಂಟ್ ಗುಳ್ಳೆ

ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಪೆಟ್ರೋಲ್ ಜೊತೆ ಸೇರಿದ ನೀರು ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಅಲ್ಲಿ ತುಕ್ಕು ಒಳಗಿನಿಂದ ತಿನ್ನುತ್ತಾ ಬಂದು ಹೊರಗೆ ಗುಳ್ಳೆಯಾಗಿ ಕಾಣುತ್ತದೆ. ಟಾರ್ಚ್ ಹಿಡಿದು ಟ್ಯಾಂಕಿನೊಳಗೆ ನೋಡಿ, ಕಂದು ಪುಡಿ ಕಾಣುತ್ತದೆಯಾ ಅಂತ. ಲೈಟರ್, ಬೆಂಕಿಕಡ್ಡಿ ಯಾವ ಕಾರಣಕ್ಕೂ ಬೇಡ. ಆ ಪುಡಿಯೇ ಪೆಟ್ರೋಲ್ ಫಿಲ್ಟರ್, ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತು) ಕಟ್ಟಿಸುತ್ತದೆ. ಫ್ಲೋಟ್ ಸೂಜಿ ಕೂರದಂತೆ ಮಾಡಿ ಮೈಲೇಜ್ ಕೆಡಿಸುವುದೂ ಅದೇ.

ಗುಳ್ಳೆಯನ್ನು ಉಗುರಿನಿಂದಲೋ ಸ್ಕ್ರೂಡ್ರೈವರ್‌ನಿಂದಲೋ ಒಡೆಯಬೇಡಿ. ಕೆಲವು ಸಲ ಪೆಟ್ರೋಲ್ ಹೊರಗೆ ಬಾರದಂತೆ ತಡೆದಿರುವುದು ಆ ಪೇಂಟ್ ಪದರ ಮಾತ್ರ. ಗುಳ್ಳೆ ಹತ್ತಿರ ಒದ್ದೆ ಇದ್ದರೆ, ಪೆಟ್ರೋಲ್ ವಾಸನೆ ಬಂದರೆ ಬೈಕನ್ನು ಮನೆಯ ಹೊರಗೆ, ಗಾಳಿಯಾಡುವ ಕಡೆ ನಿಲ್ಲಿಸಿ. ಮೆಕ್ಯಾನಿಕ್ ಬಂದು ಪೆಟ್ರೋಲ್ ಖಾಲಿ ಮಾಡಿ ಟ್ಯಾಂಕ್ ಕಳಚಲಿ. ಖಾಲಿ ಮಾಡಿದ ಟ್ಯಾಂಕನ್ನು ಹಾಗೇ ವೆಲ್ಡಿಂಗ್‌ಗೆ ಕೊಡಬೇಡಿ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಸಿಡಿಯುವ ಅಪಾಯ ಜಾಸ್ತಿ. ಟ್ಯಾಂಕ್ ಕೆಲಸ ಗೊತ್ತಿರುವವರು ಒಳಗೆ ಪೂರ್ತಿ ತೊಳೆದು, ಆವಿ ಹೋಗಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಬೆಂಕಿ ಹತ್ತಿರ ತರುತ್ತಾರೆ. ತೂತು ಒಂದಕ್ಕಿಂತ ಜಾಸ್ತಿ ಇದ್ದರೆ ಟ್ಯಾಂಕನ್ನೇ ಬದಲಿಸಿ.